ರಾಜಣ್ಣನವರ ಹಜಾರದ ಒಂಟಿ ಸಿಪಾಯಿ

ಹೊಳೆನರಸೀಪುರದಲ್ಲಿ ಆಗ ಚೆಸ್ ಯಾರಿಗೆ ಬರುತ್ತದೆ ಎಂದು ಯಾರನ್ನು ಕೇಳಿದರೂ ಮಿಲ್ ರಾಜಣ್ಣನವರ ಹೆಸರು ಹೇಳುತ್ತಿದ್ದರು. ರಾಜಣ್ಣನವರಿಗೆ ಚೆಸ್ ಬರುತ್ತಿರಲಿಲ್ಲ. ಚೆಸ್ ಬಗ್ಗೆ ಮಾತಾಡುವುದು ಬರುತ್ತಿತ್ತು, ಅದೂ ಚೆನ್ನಾಗಿ. ಅಕ್ಕಿ ಗಿರಣಿ, ತೆಂಗಿನ ತೋಟ, ಪೇಟೆಯಲ್ಲಿ ಎರಡು ಕಟ್ಟಡ ಇರುವ ಮನುಷ್ಯ ಏನು ಮಾತಾಡಿದರೂ ಕೇಳುವವರು ಇದ್ದೇ ಇರುತ್ತಾರೆ. ಅವರ ಮನೆಯ ಹಜಾರದಲ್ಲಿ ಬೀಟೆ ಮರದ ಚೆಸ್ ಹಲಗೆಯೊಂದಿತ್ತು. ಗಾಜಿನ ಬೀರುವಿನ ತುಂಬ ಕಪ್‌ಗಳಿದ್ದವು. ಹತ್ತಿರ ಹೋಗಿ ಓದಿದರೆ ಅರ್ಧಕ್ಕರ್ಧ ಕಪ್‌ಗಳ ಮೇಲೆ ‘ಪ್ರಾಯೋಜಕರಿಗೆ ಗೌರವಪೂರ್ವಕವಾಗಿ’ ಎಂದು ಕೆತ್ತಿತ್ತು. ಹತ್ತಿರ ಹೋಗಿ ಓದುವವರು ಇರಲಿಲ್ಲ. ಸಂಜೆ ಬ್ಯಾಂಕಿನ ಮ್ಯಾನೇಜರರೂ ದನದ ಡಾಕ್ಟರೂ ಬಂದು, ಅವರೆದುರು ಕೂತು ಸೋತು, ಒಳ್ಳೆಯ ಕಾಫಿ ಕುಡಿದು ಹೋಗುತ್ತಿದ್ದರು. ಸೋಲುವುದಕ್ಕೆ ಅವರಿಗೆ ಕಷ್ಟವೇನೂ ಆಗುತ್ತಿರಲಿಲ್ಲ. ಹನ್ನೊಂದನೆಯ ವಯಸ್ಸಿನಿಂದ ಹದಿಮೂರರವರೆಗೆ ವಾರಕ್ಕೆ ಮೂರು ಸಂಜೆ ನಾನೂ ಆ ಹಜಾರದಲ್ಲಿ ಕೂತು ಸೋತಿದ್ದೇನೆ. ನನಗೆ ಸಿಗುತ್ತಿದ್ದ ಕಾಫಿ ಬೇರೆ.

ಈಗ ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಚೆಸ್ ಕಲಿಸುತ್ತೇನೆ. ಅಪ್ಪ ಅಮ್ಮಂದಿರು ಬಂದು ಎಷ್ಟು ತಿಂಗಳಿಗೆ ರೇಟಿಂಗ್ ಬರುತ್ತದೆ ಎಂದು ಕೇಳುತ್ತಾರೆ, ಅಂಗಡಿಯಲ್ಲಿ ಮಿಕ್ಸಿಯ ಗ್ಯಾರಂಟಿ ವಿಚಾರಿಸುವ ದನಿಯಲ್ಲೇ. ಮಕ್ಕಳು ಫೋನಿನೊಳಗಿನ ಚೆಸ್ ಆ್ಯಪು ಹೇಳಿದ್ದನ್ನು ತಂದು ನನಗೆ ಹೇಳುತ್ತಾರೆ. ನಾನು ಯಾವ ಬಣ್ಣದ ಕಾಯಿ ಹಿಡಿದರೂ ಒಂಟಿ ಸಿಪಾಯಿ ಬರುವ ಆಟವನ್ನೇ ಆರಿಸಿಕೊಳ್ಳುತ್ತೇನೆ ಎಂಬುದು ಅವರಿಗೆ ಗೊತ್ತು; ಅದು ದೌರ್ಬಲ್ಯ ಎಂದು ಫೋನು ಹೇಳುತ್ತದಂತೆ. ತಿಳಿಯದವರಿಗೆ ಒಂದು ಮಾತು. ಮಂತ್ರಿಯ ಮುಂದಿನ ಸಿಪಾಯಿ ಹಲಗೆಯ ನಡುವಿಗೆ ಬಂದು ನಿಂತಿರುತ್ತದೆ, ಅದರ ಎಡಕ್ಕೂ ಬಲಕ್ಕೂ ಪಕ್ಕದ ಸಾಲುಗಳಲ್ಲಿ ತನ್ನ ಕಡೆಯ ಸಿಪಾಯಿಗಳೇ ಇರುವುದಿಲ್ಲ. ಯಾರಾದರೂ ಹೊಡೆಯಲು ಬಂದರೆ ಕಾಯುವುದಕ್ಕೆ ದೊಡ್ಡ ಕಾಯಿಗಳೇ ಎದ್ದು ಬರಬೇಕು. ಬದಲಿಗೆ ಸಿಗುವುದು ಜಾಗ: ಆನೆಗಳಿಗೆ ತೆರೆದ ದಾರಿ, ಕುದುರೆಗೆ ಮುಂದೆ ನಿಲ್ಲಲು ಒಂದು ನೆಲೆ, ಉಸಿರಾಡುವುದಕ್ಕೆ ಗಾಳಿ. ಕಾಯಿಗಳು ಕಡಿಮೆಯಾಗುತ್ತಾ ಹೋದ ಹಾಗೆ ಜಾಗದ ಬೆಲೆ ಕರಗುತ್ತದೆ, ಕೊರತೆ ಮಾತ್ರ ಉಳಿಯುತ್ತದೆ. ಇಷ್ಟೇ ಅದು. ಒಮ್ಮೆ ಯಾವುದೋ ಸನ್ಮಾನದಲ್ಲಿ ಭಾಷಣ ಮಾಡಿದವನೊಬ್ಬ ನನ್ನನ್ನು ‘ಒಂಟಿ ಸಿಪಾಯಿಯಂತೆ ಬಾಳಿದ ಹೆಣ್ಣುಮಗಳು’ ಎಂದು ಹೊಗಳಿ ಕಣ್ಣೊರೆಸಿಕೊಂಡ. ಅವನಿಗೆ ಆನೆಗೂ ಒಂಟೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಗಂಡ, ಇಬ್ಬರು ಮಕ್ಕಳು, ಒಬ್ಬ ಅತ್ತೆ ಇರುವ ಮನೆಯಲ್ಲಿ ಒಂಟಿಯಾಗಿ ಬಾಳಲು ಜಾಗವೆಲ್ಲಿದೆ? ಸಿಪಾಯಿ ಎಂದರೆ ಮರದ ತುಂಡು. ಅದರಲ್ಲಿ ತಮ್ಮ ಕಷ್ಟ ಕಾಣುವವರು ಆಟ ಆಡುವುದಿಲ್ಲ.

ನಾನು ಹುಟ್ಟಿದ್ದು ಅರಕಲಗೂಡಿನಲ್ಲಿ. ಅಪ್ಪ ಒಂದು ಆಫೀಸಿನಲ್ಲಿ ಗುಮಾಸ್ತ. ಅವನಿಗೆ ಹೊಳೆನರಸೀಪುರಕ್ಕೆ ವರ್ಗವಾದಾಗ ನನಗೆ ಹತ್ತು ವರ್ಷ. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಓಣಿಯಲ್ಲಿ ನಮಗೆ ಶೀಟಿನ ಮನೆ ಸಿಕ್ಕಿತು. ಎರಡು ಕೋಣೆ, ಹಿಂದೆ ಒಂದು ಬಚ್ಚಲು. ಮುಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಅದರ ಪಕ್ಕ ಗೋಡೆಗೆ ಹಲಗೆ ಹೊಡೆದು ಅಪ್ಪ ಇಟ್ಟಿದ್ದ ಬುದ್ಧನ ಬಿಳಿ ಮೂರ್ತಿ. ಹಿಂದಿನ ಕೋಣೆ ಅಡುಗೆಗೆ, ಮಲಗುವುದಕ್ಕೆ, ನನ್ನ ಓದಿಗೆ, ಅವ್ವನ ಸಿಟ್ಟಿಗೆ. ಅವ್ವ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆಗೆ ಹೋಗುತ್ತಿದ್ದಳು. ನೂರು ಮಕ್ಕಳಿಗೆ ಬೇಯಿಸಿ ಬಂದು ಮೂರು ಜನಕ್ಕೆ ಬೇಯಿಸುವಾಗ ಅವಳಿಗೆ ಕೈ ಅಳತೆ ಸಿಗುತ್ತಿರಲಿಲ್ಲ. ನಮ್ಮ ಮನೆಯ ಉಪ್ಸಾರು ಯಾವಾಗಲೂ ಒಂದು ಹಿಡಿ ಹೆಚ್ಚು ಖಾರ. ಅಪ್ಪ ಖಾರವಾಗಿದೆ ಎಂದು ಒಂದು ದಿನವೂ ಹೇಳಲಿಲ್ಲ. ಮುದ್ದೆ ನುಂಗಿ, ನೀರು ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ‘ಚೆನ್ನಾಗ್ ಅದೆ’ ಎನ್ನುತ್ತಿದ್ದ. ಅವ್ವನಿಗೆ ಅದಕ್ಕೇ ರೇಗುತ್ತಿತ್ತು.

ಹುಣ್ಣಿಮೆಯ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿ, ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಲಿ ಭಾಷೆಯಲ್ಲಿ ಬುದ್ಧನ ಶರಣು ಹೇಳುತ್ತಿದ್ದ. ಅವನ ಪಾಲಿ ನಮ್ಮ ಕೊಣನೂರು ಕಡೆಯ ಹಳ್ಳಿಮಾತಿನ ಪಾಲಿ; ಹಕಾರ ಒಂದೂ ಉಳಿಯುತ್ತಿರಲಿಲ್ಲ. ಆಮೇಲೆ ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ಐದು ನಿಮಿಷ ಉಪದೇಶ. ನಮ್ಮ ತಾತ ಜಮೀನುದಾರರ ಮುಂದೆ ಬಗ್ಗಿ ‘ಬುದ್ಧಿ’ ಎಂದು ಕರೆಯುತ್ತಿದ್ದನಂತೆ. ಆ ಮಾತು ನಮ್ಮ ಮನೆಯೊಳಗೆ ಯಾರ ಬಾಯಲ್ಲೂ ಬರಕೂಡದು ಎಂದು ಅಪ್ಪ ಕಟ್ಟು ಮಾಡಿದ್ದ. ಅಜ್ಜಿ ಊರಿಂದ ಬಂದಾಗ ಒಮ್ಮೆ ಬಾಯಿ ತಪ್ಪಿ ಮನೆ ಮಾಲೀಕನನ್ನು ಹಾಗೆ ಕರೆದಳು. ಅಪ್ಪ ಆ ದಿನವೆಲ್ಲ ತಾಯಿಯ ಜೊತೆ ಮಾತು ಬಿಟ್ಟ. ಅವ್ವ ಈ ಉಪದೇಶದ ಹೊತ್ತಿಗೆ ಸರಿಯಾಗಿ ಒಳಗೆ ಪಾತ್ರೆ ಉಜ್ಜುತ್ತಿದ್ದಳು. ಅಕ್ಕಿ ಡ್ರಮ್ಮಿನ ಹಿಂದೆ ಅವಳ ಮಾರಮ್ಮನ ಪಟವಿತ್ತು. ಅದು ಅಲ್ಲಿದೆ ಎಂದು ಅಪ್ಪನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂದು ಅವ್ವನಿಗೂ ಗೊತ್ತಿತ್ತು. ಮಂಗಳವಾರ ಡ್ರಮ್ಮಿನ ಕಡೆಯಿಂದ ಊದುಬತ್ತಿಯ ವಾಸನೆ ಬಂದರೆ ಅಪ್ಪ ಪೇಪರನ್ನು ಇನ್ನೂ ಮೇಲಕ್ಕೆ ಹಿಡಿದುಕೊಳ್ಳುತ್ತಿದ್ದ. ಇದನ್ನು ಸಹನೆ ಎನ್ನುವವರಿದ್ದಾರೆ. ನಾನು ಆಗಲೇ ಅದನ್ನು ಹೆದರಿಕೆ ಎಂದು ತೀರ್ಮಾನಿಸಿದ್ದೆ. ಹತ್ತು ವರ್ಷದವರ ತೀರ್ಮಾನಗಳು ಬಹಳ ಗಟ್ಟಿ.

ಚೆಸ್ ನನಗೆ ಅರಕಲಗೂಡಿನ ಶಾಲೆಯಲ್ಲಿ ಬಂದಿತ್ತು. ಮಳೆಗಾಲದಲ್ಲಿ ಆಟದ ಪೀರಿಯಡ್ಡಿಗೆ ಮಕ್ಕಳನ್ನು ಹೊರಗೆ ಬಿಡಲಾಗದೆ ಮೇಷ್ಟ್ರೊಬ್ಬರು ನಾಲ್ಕು ಸೆಟ್ಟು ತಂದಿಟ್ಟರು; ಒಂದು ತಿಂಗಳಲ್ಲಿ ಅವರು ನನ್ನ ಜೊತೆ ಆಡುವುದನ್ನು ನಿಲ್ಲಿಸಿದರು. ಹೊಳೆನರಸೀಪುರಕ್ಕೆ ಬಂದ ವರ್ಷ ತಾಲ್ಲೂಕು ಮಟ್ಟದಲ್ಲಿ ಎಲ್ಲರನ್ನೂ ಸೋಲಿಸಿದೆ. ಕಪ್ ಕೊಡಲು ಬಂದಿದ್ದ ರಾಜಣ್ಣನವರು ಅಪ್ಪನನ್ನು ಪಕ್ಕಕ್ಕೆ ಕರೆದು, ಹುಡುಗಿಯನ್ನು ನಮ್ಮ ಮನೆಗೆ ಕಳಿಸು, ನಮ್ಮ ಹರ್ಷನ ಜೊತೆ ನಾನೇ ಹೇಳಿಕೊಡುತ್ತೇನೆ, ಫೀಸು ಗೀಸು ಏನೂ ಬೇಡ ಎಂದರು. ಹರ್ಷ ಅವರ ಒಬ್ಬನೇ ಮಗ, ನನ್ನ ವಯಸ್ಸಿನವನು. ಆವತ್ತು ಸೆಮಿಫೈನಲಿನಲ್ಲಿ ನನ್ನೆದುರು ಸೋತಿದ್ದ. ಅಪ್ಪ ಮನೆಗೆ ಬರುವ ದಾರಿಯುದ್ದಕ್ಕೂ ರಾಜಣ್ಣನವರ ದೊಡ್ಡತನವನ್ನು ಹೊಗಳಿದ. ಅವ್ವ ಒಂದೇ ಪ್ರಶ್ನೆ ಕೇಳಿದಳು.

“ಅವ್ರಿಗೇನ್ ಲಾಬ?”

ಎಲ್ಲದರಲ್ಲೂ ಲಾಭ ಹುಡುಕಬಾರದು ಎಂದು ಅಪ್ಪ ಹೇಳಿದ. ಅವ್ವ ಬೆಳ್ಳುಳ್ಳಿ ಜಜ್ಜುವುದನ್ನು ಮುಂದುವರಿಸಿದಳು.

ಸೋಮವಾರ, ಬುಧವಾರ, ಶುಕ್ರವಾರ ಆಫೀಸು ಮುಗಿಸಿ ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ನಾನು ಹಜಾರಕ್ಕೆ, ಅವನು ಜಗಲಿಯ ತುದಿಗೆ. ಒಳಗೆ ಬಾ ಎಂದು ಅವನನ್ನು ಯಾರೂ ಕರೆಯಲಿಲ್ಲ, ಅವನೂ ಬರಲಿಲ್ಲ. ಕಿಟಕಿಯ ಕೆಳಗೆ ಪೇಪರ್ ಹಿಡಿದು ಎರಡು ಗಂಟೆ ಕೂರುತ್ತಿದ್ದ. ಆರು ಗಂಟೆಗೆ ಕಾಫಿ ಬರುತ್ತಿತ್ತು. ಮ್ಯಾನೇಜರರಿಗೆ, ಡಾಕ್ಟರಿಗೆ, ಹರ್ಷನಿಗೆ ಸ್ಟೀಲ್ ಲೋಟದಲ್ಲಿ. ನನಗೂ ಅಪ್ಪನಿಗೂ ಮದುವೆ ಮನೆಗಳಲ್ಲಿ ಕೊಡುವ ಪ್ಲಾಸ್ಟಿಕ್ ಕಪ್ಪಿನಲ್ಲಿ. ಕುಡಿದ ಮೇಲೆ ಬಿಸಾಡಬಹುದು. ಯಾರಿಗೂ ಅವಮಾನವಿಲ್ಲ, ತೊಳೆಯುವ ರಗಳೆಯೂ ಇಲ್ಲ. ರಾಜಣ್ಣನವರು ತಾವು ಆಧುನಿಕರು ಎಂದು ಹೇಳಿಕೊಳ್ಳುತ್ತಿದ್ದುದು ಸುಳ್ಳೇನಲ್ಲ. ಅವರ ತಂದೆ ಇದ್ದಿದ್ದರೆ ತೆಂಗಿನ ಚಿಪ್ಪು ಕೊಡುತ್ತಿದ್ದರು. ನಾನು ಮೊದಲ ವಾರವೇ ನನಗೆ ಕಾಫಿ ಸೇರುವುದಿಲ್ಲ ಎಂದುಬಿಟ್ಟೆ. ಅಪ್ಪ ಎರಡು ವರ್ಷ ಕುಡಿದ, ಕುಡಿದು ಕಪ್ಪನ್ನು ತಾನೇ ಮಡಿಸಿ ಜೇಬಿಗೆ ಹಾಕಿಕೊಂಡು ಬಂದು ನಮ್ಮ ಓಣಿಯ ಕಸದ ತೊಟ್ಟಿಗೆ ಹಾಕುತ್ತಿದ್ದ. ಅವರ ಅಂಗಳ ಕೊಳೆಯಾಗಬಾರದಲ್ಲ.

ರಾಜಣ್ಣನವರ ಬೋಧನೆ ಒಂದೇ ವಾಕ್ಯದ್ದು. ಸಿಪಾಯಿಗಳು ಕೈ ಕೈ ಹಿಡಿದುಕೊಂಡು ನಿಂತಿರಬೇಕು. ಒಂಟಿ ಸಿಪಾಯಿ ಎಂದರೆ ಕಾಯಿಲೆ, ಕಾಯಿಲೆ ಬಂದವನು ಎಂದಾದರೊಂದು ದಿನ ಸಾಯುತ್ತಾನೆ. ಯಾವುದೋ ಪುಸ್ತಕದಲ್ಲಿ ಓದಿದ್ದನ್ನು ಅವರು ತಮ್ಮ ಸ್ವಂತ ಅನುಭವದಂತೆ ಹೇಳುತ್ತಿದ್ದರು. ಮೊದಲ ದಿನವೇ ಬೀಟೆ ಹಲಗೆಯ ಮೇಲೆ ನನಗೆ ಬಿಳಿ ಕಾಯಿ ಕೊಟ್ಟು, ಹೇಗೆ ಆಡಬೇಕು ಎಂದು ತೋರಿಸಿದರು. ಮಂತ್ರಿಯ ಸಿಪಾಯಿ ಎರಡು ಮನೆ ಮುಂದೆ; ಹರ್ಷನೂ ಹಾಗೇ. ನಾನು ಪಕ್ಕದ ಸಿಪಾಯಿಯನ್ನು ಕೊಡಬೇಕು. ಹರ್ಷ ಅದನ್ನು ಹೊಡೆಯಬೇಕು. ನಾಲ್ಕೈದು ನಡೆಯಲ್ಲಿ ನನ್ನ ಸಿಪಾಯಿ ಹಲಗೆಯ ನಡುವೆ ಒಂಟಿಯಾಗಿ ನಿಲ್ಲುತ್ತಿತ್ತು. ಹರ್ಷ ಅದರ ಮುಂದಿನ ಮನೆಯಲ್ಲಿ ಕುದುರೆ ತಂದು ನಿಲ್ಲಿಸಿ, ತನ್ನದೊಂದು ಕೊಟ್ಟು ನನ್ನದೊಂದು ಹೊಡೆದು ದೊಡ್ಡ ಕಾಯಿಗಳನ್ನು ಒಂದೊಂದಾಗಿ ಬದಲಾಯಿಸಿ, ಕೊನೆಗೆ ಅದನ್ನು ತಿಂದು ಗೆಲ್ಲುತ್ತಿದ್ದ. ರಾಜಣ್ಣನವರು ಅವನ ಹಿಂದೆ ನಿಂತು ಪ್ರತಿ ನಡೆಗೂ ಪಾಠ ಹೇಳುತ್ತಿದ್ದರು. ನನ್ನ ಕಡೆ ನಿಂತು ಹೇಳಿದ್ದು ನೆನಪಿಲ್ಲ. ಒಂದು ತಿಂಗಳಾದ ಮೇಲೆ, ಬಣ್ಣ ಅದಲು ಬದಲು ಮಾಡಿಕೊಂಡು ಆಡೋಣವೇ, ನಾನೂ ಆ ಕುದುರೆ ಆಟ ಕಲಿಯುತ್ತೇನೆ ಎಂದು ಕೇಳಿದೆ. ಅವರು ನಕ್ಕರು.

“ನಿಂಗ್ ಅದು ಗೊತ್ತಾಗಲ್ಲ ಬುಡು. ಏಳಿದ್ದನ್ನ ಆಡು.”

ಅದರ ಅರ್ಥ ನನಗೆ ತಿಳಿದದ್ದು ಮಳೆಗಾಲ ಕಳೆದ ಮೇಲೆ. ಚನ್ನರಾಯಪಟ್ಟಣದಿಂದ ಅವರ ನೆಂಟರೊಬ್ಬರು ಬಂದಿದ್ದರು. ಈ ಹುಡುಗಿ ಯಾರು ಎಂದು ವಿಚಾರಿಸಿದರು. ನಾನು ಅಲ್ಲೇ ಕೂತು ಕಾಯಿ ಜೋಡಿಸುತ್ತಿದ್ದೆ. ರಾಜಣ್ಣನವರು ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

“ನಮ್ಮುಡುಗಂಗೆ ಸಾಣೆಕಲ್ಲು ಕಣಯ್ಯ. ಕತ್ತಿ ಮಸೀಬೇಕಲ್ಲ.”

ನೆಂಟರು ತಲೆದೂಗಿದರು. ಹರ್ಷ ನನ್ನ ಮುಖ ನೋಡಿ, ಆಮೇಲೆ ನೆಲ ನೋಡಿದ. ಆವತ್ತು ಸೈಕಲ್ಲಿನಲ್ಲಿ ಬರುವಾಗ ಅಪ್ಪನಿಗೆ ಇದನ್ನು ಹೇಳಿದೆ. ಅವನು ಪೆಡಲ್ ತುಳಿಯುತ್ತಲೇ, ದೊಡ್ಡವರು ಮಾತಿಗೆ ಏನೋ ಅಂದಿರುತ್ತಾರೆ, ಕಲ್ಲಾದರೂ ಸರಿ, ಅಲ್ಲಿ ಕೂತದ್ದಕ್ಕೆ ನಿನಗೂ ವಿದ್ಯೆ ಬರುತ್ತಿದೆಯಲ್ಲ ಎಂದ. ನಾನು ಹಿಂದೆ ಕೂತು ಅವನ ಅಂಗಿಯ ಬೆನ್ನನ್ನು ನೋಡುತ್ತಿದ್ದೆ. ಬೆವರಿನಿಂದ ಒದ್ದೆಯಾಗಿತ್ತು. ಅವನ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಆ ದಿನ. ರಾಜಣ್ಣನವರ ಮೇಲೆ ಹುಟ್ಟಿದ್ದು ಸಿಟ್ಟು ಮಾತ್ರ. ಸಿಟ್ಟಿನಲ್ಲಿ ಎದುರಿನವನಿಗೆ ಸ್ವಲ್ಪವಾದರೂ ಬೆಲೆ ಇರುತ್ತದೆ.

ಅಂದಿನಿಂದ ನಾನು ಮನೆಯಲ್ಲಿ ಚೆಸ್ ಅಭ್ಯಾಸ ಶುರು ಮಾಡಿದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೊಂಡು ತಂದಿದ್ದ, ಸುತ್ತಿ ಇಡುವ ರೆಕ್ಸಿನ್ ಹಾಳೆಯ ಸೆಟ್ಟು ನಮ್ಮಲ್ಲಿತ್ತು. ಅವ್ವ ಮುದ್ದೆ ತಿರುವುವ ಹೊತ್ತಿಗೆ ಅಡುಗೆ ಕೋಣೆಯ ನೆಲದ ಮೇಲೆ ಅದನ್ನು ಹಾಸಿ, ಆವತ್ತು ಸೋತ ಆಟವನ್ನು ಮತ್ತೆ ಇಡುತ್ತಿದ್ದೆ. ಅದೇ ಸಿಪಾಯಿ, ಅದೇ ಕುದುರೆ, ಅದೇ ಸೋಲು. ಎಲ್ಲಿ ಸೋತೆ ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡಿದೆ. ತಪ್ಪು ಸಿಪಾಯಿಯದಲ್ಲ, ಕಾಯಿ ಬದಲಾಯಿಸಿಕೊಳ್ಳಲು ಒಪ್ಪಿದ ನನ್ನದು ಎಂಬುದು ನಿಧಾನವಾಗಿ ತಿಳಿಯಿತು. ಬದಲಾಯಿಸಬಾರದು. ಕುದುರೆಯನ್ನು ಮುಂದಕ್ಕೆ ಕೂರಿಸಬೇಕು, ಆನೆಯನ್ನು ರಾಜನ ಪಕ್ಕದ ತೆರೆದ ಸಾಲಿಗೆ ತರಬೇಕು, ಕಾಯಬೇಕು. ಎದುರಿನ ಕುದುರೆ ಅಡ್ಡ ನಿಂತ ಮನೆಯಿಂದ ಒಂದು ಸಲ ಎದ್ದರೆ ಸಾಕು, ಆ ಸಿಪಾಯಿಯನ್ನು ಮುಂದಕ್ಕೆ ತಳ್ಳಬೇಕು. ಆಗ ಹಲಗೆಯ ಎಲ್ಲ ಬಾಗಿಲೂ ಒಟ್ಟಿಗೆ ತೆರೆಯುತ್ತವೆ, ಎಲ್ಲ ಬಾಗಿಲಲ್ಲೂ ನನ್ನ ಕಾಯಿಗಳೇ ನಿಂತಿರುತ್ತವೆ. ಇದು ತಿಳಿದ ಮೇಲೆ ನನಗೆ ಬೇರೆ ಆಟವೇ ರುಚಿಸಲಿಲ್ಲ. ಬಿಳಿ ಬಂದರೆ ಮಂತ್ರಿಯ ಸಿಪಾಯಿ. ಕಪ್ಪು ಬಂದರೆ ಫ್ರೆಂಚ್ ಡಿಫೆನ್ಸ್ ಎಂಬ ಆರಂಭ, ಅದರಲ್ಲೂ ನನ್ನ ಸಿಪಾಯಿಯೇ ಒಂಟಿಯಾಗುವ ದಾರಿ. ಕೈ ಕೈ ಹಿಡಿದು ನಿಂತ ಸಿಪಾಯಿಗಳನ್ನು ಕಂಡರೆ ನನಗೆ ರಾಜಣ್ಣನವರ ಹಜಾರದ ಗೋಡೆಗೆ ಹಾಕಿದ್ದ ಅವರ ಮನೆತನದ ಗ್ರೂಪ್ ಫೋಟೋ ನೆನಪಾಗುತ್ತಿತ್ತು. ಯಾರೂ ಎಲ್ಲಿಗೂ ಹೋಗುವಂತಿಲ್ಲ.

ಗೆಲ್ಲುವ ದಾರಿ ಸಿಕ್ಕ ಮೇಲೂ ಆ ಹಜಾರದಲ್ಲಿ ನಾನು ಗೆಲ್ಲಲಿಲ್ಲ. ಮೊದಲಿನಂತೆಯೇ ಕಾಯಿ ಬದಲಾಯಿಸಿದೆ, ಮೊದಲಿನಂತೆಯೇ ಸೋತೆ. ಹರ್ಷ ಈಗ ಯೋಚಿಸುವುದನ್ನೂ ಬಿಟ್ಟಿದ್ದ. ಕೈ ತಾನಾಗಿ ಹೋಗುತ್ತಿತ್ತು. ರಾಜಣ್ಣನವರು ಅವನ ಹೆಗಲು ತಟ್ಟಿ ಕತ್ತಿ ಚೂಪಾಯಿತು ಎನ್ನುತ್ತಿದ್ದರು. ನನ್ನ ಹೊಸ ಆಟವನ್ನು ಮೊದಲು ಪರೀಕ್ಷಿಸಿದ್ದು ಚನ್ನರಾಯಪಟ್ಟಣದಲ್ಲಿ, ಒಂದು ಭಾನುವಾರದ ಪಂದ್ಯದಲ್ಲಿ. ಅಲ್ಲಿ ರಾಜಣ್ಣನವರಾಗಲಿ ಹರ್ಷನಾಗಲಿ ಇರಲಿಲ್ಲ. ಆರು ಆಟದಲ್ಲಿ ಐದು ಗೆದ್ದೆ, ಐದರಲ್ಲೂ ಒಂಟಿ ಸಿಪಾಯಿ. ಅಪ್ಪ ಸೋಮವಾರ ಹೋಗಿ ರಾಜಣ್ಣನವರಿಗೆ, ನಿಮ್ಮ ವಿದ್ಯೆಯಿಂದ ಗೆದ್ದಳು ಎಂದು ಸಿಹಿ ಕೊಟ್ಟು ಬಂದ. ಅವರು ಯಾವ ಆಟ ಆಡಿದಳು ಎಂದು ಕೇಳಲಿಲ್ಲ. ಸಾಣೆಕಲ್ಲನ್ನು ಯಾರೂ ಅಂಥದ್ದು ಕೇಳುವುದಿಲ್ಲ.

ಜಿಲ್ಲಾ ಆಯ್ಕೆ ಹಾಸನದಲ್ಲಿ, ಒಂದು ಶಾಲೆಯ ಸಭಾಂಗಣದಲ್ಲಿ, ಶನಿವಾರ ಮತ್ತು ಭಾನುವಾರ ನಡೆಯಿತು. ಆಗ ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೇ ಆಟ, ರಾಜ್ಯಮಟ್ಟಕ್ಕೆ ಇಬ್ಬರಿಗೆ ಮಾತ್ರ ಅವಕಾಶ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂದು ಜಾಗವನ್ನು ಹಾಸನದ ಹುಡುಗನೊಬ್ಬ ಗಟ್ಟಿ ಮಾಡಿಕೊಂಡಿದ್ದ. ಇನ್ನೊಂದಕ್ಕೆ ಉಳಿದವರು ನಾನು ಮತ್ತು ಹರ್ಷ. ಅವನು ನನಗಿಂತ ಅರ್ಧ ಪಾಯಿಂಟ್ ಮುಂದಿದ್ದ. ಕೊನೆಯ ಸುತ್ತಿನಲ್ಲಿ ನಮ್ಮಿಬ್ಬರಿಗೇ ಜೋಡಿ ಬಿತ್ತು. ಆಟ ಡ್ರಾ ಆದರೆ ಅವನು ಹೋಗುತ್ತಾನೆ, ನಾನು ಗೆದ್ದರೆ ನಾನು. ಊಟದ ಬಿಡುವಿನಲ್ಲಿ ರಾಜಣ್ಣನವರು ಅಪ್ಪನ ಹೆಗಲ ಮೇಲೆ ಕೈ ಹಾಕಿ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. ನಾನೂ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ ಅಪ್ಪ ಅವರ ಎದುರು ಒಂದೇ ಟೇಬಲ್ಲಿನಲ್ಲಿ ಕೂತ. ಮಸಾಲೆ ದೋಸೆ ಬಂತು. ಅಪ್ಪ ದೋಸೆಯನ್ನು ಸಣ್ಣ ಸಣ್ಣ ಚೂರು ಮಾಡಿ, ಚಟ್ನಿ ಬೆರಳಿಗೆ ಹತ್ತದ ಹಾಗೆ, ಪರೀಕ್ಷೆ ಬರೆಯುವವನಂತೆ ತಿಂದ. ರಾಜಣ್ಣನವರು ನನ್ನನ್ನು ಬಿಟ್ಟು ಅಪ್ಪನಿಗೆ ಹೇಳಿದರು.

“ಒಂದ್ ಡ್ರಾ ಆದ್ರೆ ಸಾಕು ಕಣೋ ರಂಗಯ್ಯ. ಬರೋ ವರ್ಷ ಇವ್ಳೇ ಓಗ್ಲಿ, ನಾನೇ ಕಳಿಸ್ಕೊಡ್ತೀನಿ.”

ಅವರು ಕೈ ತೊಳೆಯಲು ಹೋದಾಗ ಅಪ್ಪ ನನ್ನ ಕಡೆ ತಿರುಗಿದ. ತಟ್ಟೆ ನೋಡಿಕೊಂಡೇ ಮಾತಾಡಿದ.

“ಡ್ರಾ ಮಾಡ್ಕಂಬುಡವ್ವ. ಎರಡ್ ವರ್ಸ ಇದ್ಯೆ ಕೊಟ್ಟವ್ರೆ. ಅವ್ರ ಋಣ ಅದೆ ನಮ್ಮೇಲೆ.”

“ನಿಂಗೆ ಅವ್ರ ಜೊತೆ ಕೂತು ದೋಸೆ ತಿಂದಿದ್ದೇ ಎಚ್ಚಾಯ್ತಾ ಅಪ್ಪ?”

ಅವನು ತಟ್ಟೆಯಲ್ಲಿ ಉಳಿದಿದ್ದ ಚೂರನ್ನು ಬಾಯಿಗೆ ಹಾಕಿಕೊಂಡ. ನಾನು ಎದ್ದು ಹೋದೆ.

ನನಗೆ ಬಿಳಿ ಕಾಯಿ ಬಂದಿತ್ತು. ಮಂತ್ರಿಯ ಸಿಪಾಯಿ ಎರಡು ಮನೆ. ಹರ್ಷ ಮುಗುಳ್ನಕ್ಕು ತನ್ನದನ್ನೂ ತಳ್ಳಿದ. ನಾನು ಪಕ್ಕದ ಸಿಪಾಯಿ ಕೊಟ್ಟೆ, ಅವನು ಹೊಡೆದ. ಹತ್ತು ನಡೆಯೊಳಗೆ ಇಬ್ಬರೂ ರಾಜಣ್ಣನವರ ಹಜಾರಕ್ಕೆ ಬಂದು ನಿಂತಿದ್ದೆವು. ಅವನು ಕೈ ಚಾಚಿ ಡ್ರಾ ಎಂದ. ಅದಕ್ಕೆ ಎಲ್ಲ ಏರ್ಪಾಡೂ ಆಗಿದೆ ಎಂದು ಅವನಿಗೆ ಯಾರೋ ಹೇಳಿದ್ದರು. ನಾನು ತಲೆಯಾಡಿಸಿ ಬೇಡ ಎಂದೆ. ಅವನ ಕೈ ಸ್ವಲ್ಪ ಹೊತ್ತು ಹಲಗೆಯ ಮೇಲೇ ಇತ್ತು. ಆಮೇಲೆ ಕಾಯಿ ಬದಲಾವಣೆಗೆ ಬಂದ. ನಾನು ಒಪ್ಪದೆ ಒಂಟೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಇನ್ನೊಮ್ಮೆ ಬಂದ, ಇನ್ನೊಮ್ಮೆ ತೆಗೆದುಕೊಂಡೆ. ಕುದುರೆಯನ್ನು ಮುಂದೆ ಕೂರಿಸಿದೆ, ಆನೆಯನ್ನು ತೆರೆದ ಸಾಲಿಗೆ ತಂದೆ. ಅವನಿಗೆ ಮುಂದಿನ ಪಾಠ ಗೊತ್ತಿರಲಿಲ್ಲ. ಹಿಂದೆ ನಿಂತು ಹೇಳುವವರನ್ನು ಹೊರಗೆ ಕಳಿಸಿದ್ದರು. ಸಿಪಾಯಿಯ ಮುಂದೆ ಅಡ್ಡ ನಿಂತಿದ್ದ ಕುದುರೆಯನ್ನು ಸುಮ್ಮನೆ ಅಲ್ಲೇ ಬಿಡಬೇಕಿತ್ತು. ಅವಸರಬಿದ್ದು ಎತ್ತಿ ನನ್ನ ಒಂಟೆಯ ಮೇಲೆ ಹಾಯಿಸಿದ. ನಾನು ಸಿಪಾಯಿ ತಳ್ಳಿದೆ. ಅಲ್ಲಿಂದ ಎಂಟು ನಡೆ. ಅವನ ರಾಜನ ಸುತ್ತ ಕೈ ಕೈ ಹಿಡಿದು ನಿಂತಿದ್ದ ಸಿಪಾಯಿಗಳು ಹಾಗೇ ನಿಂತಿದ್ದವು, ಏನೂ ಮಾಡಲಾರದೆ. ಹರ್ಷ ರಾಜನನ್ನು ಮಲಗಿಸಿ ಕೇಳಿದ.

“ಮನೇಲಿ ಬೇಕಂತ ಸೋಲ್ತಿದ್ಯಾ ನೀನು?”

ಹೂಂ ಎಂದೆ. ಅವನ ಕಣ್ಣು ತುಂಬಿತು. ಅವನು ಕೆಟ್ಟ ಹುಡುಗನೇನಲ್ಲ. ಆದರೆ ಆವತ್ತು ನನಗೆ ಅವನ ಅಳುವೂ ಚಿಲ್ಲರೆಯಾಗಿ ಕಂಡಿತು. ಮಸೆದವರು ಯಾರೋ, ಹಿಡಿದವರು ಯಾರೋ, ಕತ್ತಿಗೇನು ಗೊತ್ತು ಎಂದುಕೊಂಡೆ.

ಹೊರಗೆ ಬೇವಿನ ಮರದ ಕೆಳಗೆ ರಾಜಣ್ಣನವರೂ ಅಪ್ಪನೂ ನಿಂತಿದ್ದರು. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಸುತ್ತ ಹತ್ತು ಹನ್ನೆರಡು ಜನ ಮಕ್ಕಳ ತಂದೆ ತಾಯಿಗಳು. ರಾಜಣ್ಣನವರು ಕೂಗಾಡಲಿಲ್ಲ. ಕೂಗಾಡುವುದು ತಮ್ಮ ಸಮಾನರ ಮೇಲೆ ಎಂಬುದು ಅಂಥವರಿಗೆ ಗೊತ್ತಿರುತ್ತದೆ.

“ನನ್ ಮನೇಲಿ ಕಲ್ತು ನನ್ ಮಗನ್ ಮೇಲೇ ಆಡ್ಸುದ್ಯಲ್ಲೋ ರಂಗಯ್ಯ. ಇದೇನಾ ನಿಮ್ಮೋರ್ ಬುದ್ಧಿ?”

ಅಪ್ಪ ಕೈ ಮುಗಿದ. ಬೆನ್ನು ಬಾಗಿತು, ಮೊಣಕಾಲೂ ಸ್ವಲ್ಪ ಬಾಗಿತು.

“ತಪ್ಪಾಯ್ತು ಬುದ್ಧಿ. ಸಣ್ ಮಗ, ತಿಳೀದು.”

ಬುದ್ಧಿ. ನಮ್ಮ ಮನೆಯೊಳಗೆ ಬರಕೂಡದು ಎಂದು ಅವನೇ ಕಟ್ಟು ಮಾಡಿದ್ದ ಮಾತು. ಹಡೆದ ತಾಯಿಯ ಜೊತೆ ಒಂದು ದಿನ ಮಾತು ಬಿಡಿಸಿದ್ದ ಮಾತು. ಅದು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅಲ್ಲಿಯವರೆಗೂ ನಾಲಗೆಯ ಕೆಳಗೇ ಇತ್ತು ಎನ್ನಿಸಿತು. ಅವನಿಗೂ ತಿಳಿಯಿತು. ಮುಗಿದ ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ನಾನು ಅವನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಒಬ್ಬ ಮುದುಕಿಯ ಪಕ್ಕ ಕೂತು, ಹೊಳೆನರಸೀಪುರ ಬರುವವರೆಗೂ ಹಿಂದಕ್ಕೆ ತಿರುಗಲಿಲ್ಲ.

ಮನೆಯಲ್ಲಿ ಅವ್ವ ನನ್ನ ಮುಖ ನೋಡಿ ಗೆದ್ದಿದ್ದೇನೆಂದೂ ಅಪ್ಪನ ಮುಖ ನೋಡಿ ಏನೋ ನಡೆದಿದೆಯೆಂದೂ ತಿಳಿದಳು. ನಾನೇ ಎಲ್ಲ ಹೇಳಿದೆ, ಆ ಮಾತನ್ನೂ ಬಿಡದೆ. ಅಪ್ಪ ಮಂಚದ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಿದ್ದ. ಅವ್ವ ಬಯ್ಯುತ್ತಾಳೆ ಎಂದು ಕಾದೆ. ಬುದ್ಧನ ಮೂರ್ತಿಯನ್ನು ತೆಗೆದು ಡ್ರಮ್ಮಿನ ಹಿಂದೆ ಇಡುತ್ತಾಳೆ ಎಂದೂ ಅಂದುಕೊಂಡಿದ್ದೆ. ಅವಳು ಅಪ್ಪನಿಗೆ ಬಿಸಿನೀರು ಕಾಯಿಸಿದಳು. ಆವತ್ತು ಸಾರಿಗೆ ಖಾರ ಸರಿಯಾಗಿತ್ತು. ನನಗೆ ಅದು ಮೋಸ ಎನ್ನಿಸಿತು. ಅವನನ್ನು ಬೈಯಲು ಅವಳೂ ಇಲ್ಲವಾದ ಮೇಲೆ ಆ ಕೆಲಸ ನನ್ನೊಬ್ಬಳದೇ ಆಯಿತು. ಒಂದು ವಾರ ಅಪ್ಪ ಕೇಳಿದ್ದಕ್ಕೆಲ್ಲ ಹೂಂ, ಊಹೂಂ ಎಂದಷ್ಟೇ ಹೇಳಿದೆ. ಹುಣ್ಣಿಮೆ ಬಂತು. ಅವನು ಮೇಣದಬತ್ತಿ ಹಚ್ಚಿ ಕರೆದ. ನನಗೆ ಓದುವುದಿದೆ ಎಂದೆ. ಅವನು ಒಬ್ಬನೇ ಶರಣು ಹೇಳಿದ, ಮೆಲ್ಲಗೆ. ಉಪದೇಶ ಮಾಡಲಿಲ್ಲ.

ರಾಜ್ಯಮಟ್ಟಕ್ಕೆ ಇನ್ನೂ ಹತ್ತು ದಿನವಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಬಚ್ಚಲಿಂದ ತಲೆ ಒರೆಸಿಕೊಂಡು ಬಂದರೆ ಅಪ್ಪ ಮಂಚದ ಮೇಲೆ ರೆಕ್ಸಿನ್ ಹಾಳೆ ಹಾಸಿ ಕಾಯಿ ಜೋಡಿಸಿದ್ದ. ಅವನಿಗೆ ಚೆಸ್ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ಹಾಸನದಲ್ಲಿ ನಾನು ಸಿಪಾಯಿ ತಳ್ಳುವುದಕ್ಕೆ ಒಂದು ನಡೆ ಮುಂಚಿನ ಸ್ಥಿತಿ. ಒಂದು ಆನೆ ಮಾತ್ರ ಒಂದು ಮನೆ ಆಚೆ ಇತ್ತು, ಉಳಿದದ್ದೆಲ್ಲ ಸರಿ. ಜಗಲಿಯ ಕಿಟಕಿಯಿಂದ ಎರಡು ವರ್ಷ ನೋಡಿ ಕಲಿತೆ, ಹಾಸನದ ಆಟವನ್ನು ನೀನು ನಡೆಗಳನ್ನು ಬರೆದ ಹಾಳೆ ನೋಡಿ ಇಟ್ಟೆ ಎಂದು ಅವನು ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ. ಆಮೇಲೆ ಸಿಪಾಯಿಯ ಮುಂದೆ ಅಡ್ಡ ನಿಂತ ಕಪ್ಪು ಕುದುರೆಯ ಮೇಲೆ ಬೆರಳಿಟ್ಟ.

“ಅವ್ನು ಈ ಕುದ್ರೇನ ಇಲ್ಲಿಂದ ಎತ್ತುದೇ ಇದ್ದಿದ್ರೆ ನೀನೇನ್ ಮಾಡ್ತಿದ್ದೆ ಮಗ?”

ನಾನು ಹಲಗೆ ನೋಡಿದೆ. ಕುದುರೆ ಎದ್ದೇ ಏಳುತ್ತದೆ ಎಂದು ನಾನು ನಂಬಿದ್ದೆ. ಏಳದಿದ್ದರೆ ಏನು ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಅವನು ಕಾಯುತ್ತಿದ್ದ, ಬೆರಳು ಇನ್ನೂ ಕುದುರೆಯ ತಲೆಯ ಮೇಲೇ ಇತ್ತು.

“ನಿಂಗ್ ಅದು ಗೊತ್ತಾಗಲ್ಲ ಬುಡಪ್ಪ.”

ಆ ದನಿ ಯಾವ ಹಜಾರದಿಂದ ಬಂತು ಎಂದು ಆಗಲೇ ತಿಳಿಯಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪ ಇರಬಹುದು ಎಂದ. ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಹಾಳೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ನನ್ನ ಪುಸ್ತಕಗಳ ಮೇಲೆ ಇಟ್ಟ.

ರಾಜ್ಯಮಟ್ಟದ ಪಂದ್ಯ ಮೈಸೂರಿನಲ್ಲಿ. ಮೊದಲ ಸುತ್ತಿನಲ್ಲಿ ನನಗೆ ಬಿಳಿ ಕಾಯಿ, ಎದುರಿಗೆ ದಪ್ಪ ಕನ್ನಡಕದ ಒಬ್ಬಳು ಹುಡುಗಿ. ನನ್ನ ಸಿಪಾಯಿ ನಡುವಿಗೆ ಬಂತು, ಒಂಟಿಯಾಯಿತು. ಅವಳು ಅದರ ಮುಂದಿನ ಮನೆಗೆ ಕುದುರೆ ತಂದಿಟ್ಟಳು. ನಾನು ಕಾದೆ. ಅವಳು ಅದನ್ನು ಮುಟ್ಟಲಿಲ್ಲ. ಮೂರು ಗಂಟೆ ಮುಟ್ಟಲಿಲ್ಲ. ಕಾಯಿಗಳು ಕರಗಿದವು, ಸಿಪಾಯಿ ಬಿತ್ತು, ನಾನು ರಾಜನನ್ನು ಮಲಗಿಸಿ ಎದ್ದು ಬಂದೆ. ಅಪ್ಪ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ. ಏನಾಯಿತು ಎಂದು ಕೇಳಿದ. ಸೋತೆ ಎಂದೆ. ಹೇಗೆ ಎಂದು ಅವನು ಕೇಳಲಿಲ್ಲ.